ಗಂಡಸರ ಎದೆ ಉಬ್ಬು: ಗಂಟೋ, ಕೊಬ್ಬೋ?

ಗಂಡಸರ ಎದೆ ಹೆಣ್ಣುಮಕ್ಕಳಂತೆ ಉಬ್ಬುವ ತೊಂದರೆಯ ಬಗ್ಗೆ ಬಂದ ಐದು ಪತ್ರಗಳಿಗೆ ಇಲ್ಲಿ ಉತ್ತರವಿದೆ. ವೈದ್ಯರು ಇದನ್ನು ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಬರೆದವರ ಹೆಸರು ಹಾಕಿಲ್ಲ.

ನನ್ನ ಮಗನಿಗೆ 14 ವರ್ಷ. ನಾಲ್ಕು ತಿಂಗಳಿಂದ ಎಡ ತೊಟ್ಟಿನ ಕೆಳಗೆ ಅಡಿಕೆಯಷ್ಟು ಗಂಟಿದೆ, ಮುಟ್ಟಿದರೆ ನೋವು. ಆಟಕ್ಕೆ ಹೋಗುವುದನ್ನೇ ಬಿಟ್ಟಿದ್ದಾನೆ. ಆಪರೇಷನ್ ಮಾಡಿಸಬೇಕೆ? (ಹಾವೇರಿ)

ಈಗ ಬೇಡಮ್ಮ. ಗಂಡು ದೇಹದಲ್ಲೂ ಈಸ್ಟ್ರೋಜನ್ ಎಂಬ ಹೆಣ್ತನದ ಹಾರ್ಮೋನ್ ಇರುತ್ತದೆ. ಹರೆಯ ಶುರುವಾದಾಗ ಗಂಡಸುತನದ ಹಾರ್ಮೋನ್ ಟೆಸ್ಟೋಸ್ಟಿರಾನ್ ಪೂರ್ತಿ ಏರುವ ಮುನ್ನ ಸ್ವಲ್ಪ ಕಾಲ ಈಸ್ಟ್ರೋಜನ್ನಿನ ಕೈ ಮೇಲಾಗುತ್ತದೆ, ಎದೆಯ ಗ್ರಂಥಿ ಊದಿಕೊಳ್ಳುತ್ತದೆ. ಈ ವಯಸ್ಸಿನ ಸುಮಾರು ಅರ್ಧದಷ್ಟು ಹುಡುಗರಲ್ಲಿ ಇದು ಸಣ್ಣದಾಗಿಯಾದರೂ ಕಾಣಿಸುತ್ತದೆ. ಒಂದೇ ಕಡೆ ಬರುವುದೂ ಉಂಟು, ಕೆಲವು ತಿಂಗಳ ನಂತರ ಇನ್ನೊಂದು ಕಡೆಗೂ ಬರಬಹುದು. ಹೆಚ್ಚಿನವರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ.

ದಿನವೂ ಒತ್ತಿ ನೋಡುವುದು ಬೇಡ, ಅದರಿಂದ ನೋವು ಹೆಚ್ಚುತ್ತದೆ. ಮೂರು ತಿಂಗಳಿಗೊಮ್ಮೆ ಸ್ಕೇಲಿನಿಂದ ಅಗಲ ಅಳೆದು ಬರೆದಿಡಿ. ಗಂಟು ನಾಲ್ಕೈದು ಸೆಂಟಿಮೀಟರ್ ದಾಟಿದರೆ, ಬೇಗ ಬೇಗ ಬೆಳೆದರೆ, ತೊಟ್ಟಿನಿಂದ ಏನಾದರೂ ಒಸರಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಏನೂ ಆಗದಿದ್ದರೂ ಒಮ್ಮೆ ತೋರಿಸಿರುವುದು ಒಳ್ಳೆಯದು. ವೈದ್ಯರು ವೃಷಣಗಳನ್ನೂ ಪರೀಕ್ಷಿಸಬೇಕು. ಎದೆ ಮಾತ್ರ ನೋಡಿ ಕಳಿಸಿದರೆ ಅದು ಅರ್ಧ ತಪಾಸಣೆ. ಎರಡೂ ವೃಷಣ ಸಣ್ಣದಾಗಿ ಗಟ್ಟಿಯಾಗಿದ್ದರೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇರಬಹುದು. ಅದರಲ್ಲಿ ಗಂಡು ಮಗುವಿಗೆ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುತ್ತದೆ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಒಂದು ವೃಷಣದಲ್ಲಿ ಗಂಟು ಸಿಕ್ಕರೆ ಅದೇ ವಾರ ಸ್ಕ್ಯಾನಿಂಗ್ ಆಗಬೇಕು.

ಮನೆಯಲ್ಲಿ ಯಾರೂ ಇದನ್ನು ತಮಾಷೆಗೆ ಎತ್ತಬಾರದು, ಅಜ್ಜ ಚಿಕ್ಕಪ್ಪಂದಿರೂ ಸೇರಿ. ಬಿಗಿ ಬನಿಯನ್ನಿನ ಮೇಲೆ ಸಡಿಲ ಅಂಗಿ ಹಾಕಿದರೆ ಉಬ್ಬು ಕಾಣುವುದಿಲ್ಲ. ಪಿ.ಟಿ. ಮೇಷ್ಟ್ರಿಗೆ ನೀವೇ ಒಂದು ಮಾತು ಹೇಳಿಡಿ, ಹುಡುಗ ಮತ್ತೆ ಆಟಕ್ಕೆ ಹೋಗಲಿ.

ವಯಸ್ಸು 24. ಜಿಮ್‌ಗೆ ಹೋಗಿ 88 ಕಿಲೋದಿಂದ 74ಕ್ಕೆ ಇಳಿದೆ, ಎದೆ ಮಾತ್ರ ಇಳಿಯಲಿಲ್ಲ. ಬೆಂಚ್ ಪ್ರೆಸ್ ಹೆಚ್ಚು ಮಾಡು ಎನ್ನುತ್ತಾರೆ. ಆರು ತಿಂಗಳ ಹಿಂದೆ ಒಂದಷ್ಟು ಇಂಜೆಕ್ಷನ್ ಕೂಡ ತೆಗೆದುಕೊಂಡಿದ್ದೆ. (ಬೆಂಗಳೂರು)

ಮೊದಲು ಒಳಗಿರುವುದು ಗ್ರಂಥಿಯೋ ಕೊಬ್ಬೋ ನೋಡಿಕೊಳ್ಳಿ. ಅಂಗಾತ ಮಲಗಿ, ಕೈಯನ್ನು ತಲೆಯ ಕೆಳಗಿಡಿ. ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಎದೆಯ ಎರಡು ಬದಿಗಿಟ್ಟು ನಿಧಾನವಾಗಿ ತೊಟ್ಟಿನತ್ತ ತನ್ನಿ. ತೊಟ್ಟಿನ ಅಡಿಯಲ್ಲಿ ರಬ್ಬರ್ ಬಿಲ್ಲೆಯಂಥದ್ದು ಬೆರಳಿಗೆ ತಡೆದರೆ ಅದು ಗ್ರಂಥಿ. ತೊಟ್ಟಿನವರೆಗೂ ಮೆತ್ತಗೇ ಇದ್ದು ಏನೂ ತಡೆಯದಿದ್ದರೆ ಕೊಬ್ಬು. ಎರಡೂ ಬೆರೆತಿರುವುದೂ ಸಾಮಾನ್ಯ.

ಕೊಬ್ಬು ತೂಕ ಇಳಿದಂತೆ ಇಳಿಯುತ್ತದೆ. ಗ್ರಂಥಿ ಯಾವ ವ್ಯಾಯಾಮಕ್ಕೂ ಕರಗದು. ಬೆಂಚ್ ಪ್ರೆಸ್ಸಿನಿಂದ ಅದರ ಹಿಂದಿನ ಮಾಂಸಖಂಡ ಬೆಳೆದು ಉಬ್ಬನ್ನು ಇನ್ನಷ್ಟು ಮುಂದಕ್ಕೆ ತಳ್ಳಬಹುದು.

ಇನ್ನು ಇಂಜೆಕ್ಷನ್. ಜಿಮ್ಮಿನಲ್ಲಿ ಕೊಡುವ ಟೆಸ್ಟೋಸ್ಟಿರಾನ್ ಬಗೆಯ ಔಷಧಿಯ ಒಂದು ಪಾಲನ್ನು ದೇಹ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಈ ಕೆಲಸ ಮಾಡುವ ಅರೊಮಟೇಸ್ ಕಿಣ್ವ ಹೆಚ್ಚಾಗಿರುವುದು ಕೊಬ್ಬಿನಲ್ಲೇ. ಹೊರಗಿನಿಂದ ಹಾರ್ಮೋನ್ ಬಂದದ್ದರಿಂದ ವೃಷಣ ತನ್ನ ಕೆಲಸ ನಿಲ್ಲಿಸಿರುತ್ತದೆ. ಇಂಜೆಕ್ಷನ್ ಬಿಟ್ಟ ಮೇಲೂ ಅದು ಎಚ್ಚೆತ್ತುಕೊಳ್ಳಲು ತಿಂಗಳುಗಳೇ ಬೇಕು. ಮತ್ತೊಂದು ಸುತ್ತಿಗೆ ಕೈ ಹಾಕಲೇಬೇಡಿ. ಹಾರ್ಮೋನ್ ತಜ್ಞರನ್ನು ಕಂಡು, ಏನು ಎಷ್ಟು ತೆಗೆದುಕೊಂಡಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಟೆಸ್ಟೋಸ್ಟಿರಾನ್ ಪರೀಕ್ಷೆಗೆ ರಕ್ತವನ್ನು ಬೆಳಿಗ್ಗೆ 8ರಿಂದ 10ರೊಳಗೆ ಕೊಡಬೇಕು, ಮಧ್ಯಾಹ್ನದ ಹೊತ್ತಿಗೆ ಪ್ರಮಾಣ ಇಳಿದಿರುತ್ತದೆ.

ಮಾತ್ರೆಗೂ ಒಂದು ಕಾಲವಿದೆ. ಗಂಟು ಹೊಸದಾಗಿದ್ದು ನೋಯುತ್ತಿರುವಾಗ ಟ್ಯಾಮಾಕ್ಸಿಫೆನ್ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ದಿನಕ್ಕೆ 10ರಿಂದ 20 ಮಿಲಿಗ್ರಾಂ, ಮೂರರಿಂದ ಆರು ತಿಂಗಳು. ಒಂದು ವರ್ಷ ದಾಟಿದರೆ ಗ್ರಂಥಿಯ ಜಾಗದಲ್ಲಿ ನಾರು ತುಂಬಿ ಗಟ್ಟಿಯಾಗುತ್ತದೆ, ಆಮೇಲೆ ಮಾತ್ರೆಯಿಂದ ಹೆಚ್ಚು ಫಲವಿಲ್ಲ. ಉಬ್ಬು ಇಂಜೆಕ್ಷನ್ನಿನ ನಂತರ ಬಂದದ್ದಾದರೆ ನೀವಿನ್ನೂ ಆ ಅವಧಿಯೊಳಗಿದ್ದೀರಿ, ಬೇಗ ಹೋಗಿ. ಈ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು, ಚೀಟಿಯಿಲ್ಲದೆ ನುಂಗಬೇಡಿ.

ನಮ್ಮ ಯಜಮಾನರಿಗೆ 64. ಹಾರ್ಟಿನ ಮಾತ್ರೆ ಶುರುವಾದ ಮೇಲೆ ಎದೆ ಎರಡೂ ಕಡೆ ಊದಿ ನೋಯುತ್ತಿದೆ. (ಶಿವಮೊಗ್ಗ)

ಚೀಟಿಯಲ್ಲಿ ಸ್ಪೈರನೊಲ್ಯಾಕ್ಟೋನ್ ಇದೆಯೇ ನೋಡಿ. ಅಲ್ಡಾಕ್ಟೋನ್ ಎಂಬ ಹೆಸರಿನಲ್ಲೂ ಬರುತ್ತದೆ. 1999ರಲ್ಲಿ ಪ್ರಕಟವಾದ ಹೃದಯ ವೈಫಲ್ಯದ ದೊಡ್ಡ ಅಧ್ಯಯನದಲ್ಲಿ ಇದನ್ನು ತೆಗೆದುಕೊಂಡ ಗಂಡಸರಲ್ಲಿ ನೂರಕ್ಕೆ ಹತ್ತು ಮಂದಿಗೆ ಎದೆ ಊತ ಅಥವಾ ನೋವು ಬಂದಿತ್ತು. ಅದೇ ಅಧ್ಯಯನ ಈ ಮಾತ್ರೆ ಜೀವ ಉಳಿಸುತ್ತದೆ ಎಂದೂ ತೋರಿಸಿತು. ಹಾಗಾಗಿ ನೀವಾಗಿ ನಿಲ್ಲಿಸಬೇಡಿ, ಕಾಲಿಗೆ ಶ್ವಾಸಕೋಶಕ್ಕೆ ನೀರು ತುಂಬೀತು. ಬದಲಿಗೆ ಎಪ್ಲೆರಿನೋನ್ ಕೊಡಬಹುದೇ ಎಂದು ಹೃದಯ ತಜ್ಞರನ್ನು ಕೇಳಿ, ಅದರಲ್ಲಿ ಈ ತೊಂದರೆ ತೀರಾ ಕಡಿಮೆ. ಪ್ರಾಸ್ಟೇಟಿಗೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್, ಬೈಕಾಲ್ಯುಟಮೈಡ್ ಕೂಡ ಇದೇ ಮಾಡುತ್ತವೆ. ಕುಡಿಯುವ ಅಭ್ಯಾಸವಿದ್ದರೆ ಲಿವರ್ ಪರೀಕ್ಷೆಯೂ ಆಗಲಿ.

ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಒಟ್ಟು ಸ್ತನ ಕ್ಯಾನ್ಸರ್‌ನಲ್ಲಿ ಅದು ನೂರಕ್ಕೆ ಒಂದರ ಆಸುಪಾಸು ಮಾತ್ರ. ಆದರೆ ಗೊತ್ತಿಲ್ಲದ ಕಾರಣಕ್ಕೇ ತಡವಾಗಿ ತೋರಿಸುತ್ತಾರೆ. ಒಂದೇ ಕಡೆ, ತೊಟ್ಟಿನ ನೇರ ಕೆಳಗಲ್ಲದೆ ಪಕ್ಕಕ್ಕೆ ಸರಿದ, ಕಲ್ಲಿನಂತೆ ಗಟ್ಟಿಯಾದ, ಅಲುಗಾಡಿಸಿದರೆ ಜರುಗದ ಗಂಟು, ಒಳಗೆ ಎಳೆದುಕೊಂಡ ತೊಟ್ಟು, ರಕ್ತ, ಕಂಕುಳಲ್ಲಿ ಗಡ್ಡೆ. ಇವುಗಳಲ್ಲಿ ಒಂದಿದ್ದರೂ ಮ್ಯಾಮೊಗ್ರಾಂ ಮತ್ತು ಸೂಜಿ ಪರೀಕ್ಷೆ ಮಾಡಿಸಲೇಬೇಕು. ನೋವಿಲ್ಲ ಎಂದು ಸುಮ್ಮನಿರಬೇಡಿ.

ಹತ್ತು ದಿನದ ಗಂಡು ಮಗುವಿನ ಎದೆ ಊದಿದೆ, ಹಾಲಿನಂತೆ ಒಸರುತ್ತಿದೆ. ಎಣ್ಣೆ ನೀರು ಹಾಕುವವರು ಹಿಂಡಿ ತೆಗೆಯಬೇಕು ಎನ್ನುತ್ತಾರೆ. (ಮಂಡ್ಯ)

ಹಿಂಡಲೇಬಾರದು. ಅದು ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಹಾರ್ಮೋನಿನ ಪರಿಣಾಮ, ಹೆಣ್ಣು ಮಗುವಿಗೂ ಆಗುತ್ತದೆ. ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ನಂಜಾಗಿ ಕೀವು ಕಟ್ಟುತ್ತದೆ. ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ.

ವಯಸ್ಸು 21, ಐದು ವರ್ಷದಿಂದ ಹೀಗೇ ಇದೆ. ಸೇನಾ ಭರ್ತಿಗೆ ಸಿದ್ಧನಾಗುತ್ತಿದ್ದೇನೆ. ಆಪರೇಷನ್ನಿನಲ್ಲಿ ಏನೇನಿರುತ್ತದೆ? ಮತ್ತೆ ಬರುತ್ತದೆಯೇ? (ಬೆಳಗಾವಿ)

ಐದು ವರ್ಷದ ಗ್ರಂಥಿ ಮಾತ್ರೆಗೆ ಇಳಿಯುವುದಿಲ್ಲ, ಶಸ್ತ್ರಚಿಕಿತ್ಸೆಯೇ ದಾರಿ. ಭರ್ತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಎದೆಯನ್ನೂ ನೋಡುತ್ತಾರೆ; ಗಾಯ ಪೂರ್ತಿ ಮಾಗುವಷ್ಟು ಸಮಯ ಕೈಯಲ್ಲಿಟ್ಟುಕೊಂಡು ದಿನ ಗೊತ್ತುಮಾಡಿ. ಅದಕ್ಕೂ ಮೊದಲು ಲಿವರ್, ಕಿಡ್ನಿ, ಥೈರಾಯ್ಡ್, ಟೆಸ್ಟೋಸ್ಟಿರಾನ್, ಈಸ್ಟ್ರಡಯಾಲ್, ಪ್ರೊಲ್ಯಾಕ್ಟಿನ್ ಪರೀಕ್ಷೆಗಳ ಬಗ್ಗೆ ವೈದ್ಯರೊಂದಿಗೆ ಮಾತಾಡಿ. ಕಾರಣ ಒಳಗೇ ಉಳಿದರೆ ತೆಗೆದದ್ದು ಮತ್ತೆ ಬೆಳೆಯುತ್ತದೆ.

ಆಪರೇಷನ್ನಿನಲ್ಲಿ ಎರಡು ಕೆಲಸ. ಸಣ್ಣ ತೂತಿನಿಂದ ಕೊಳವೆ ಹಾಕಿ ಸುತ್ತಲ ಕೊಬ್ಬನ್ನು ಹೀರುವುದು ಲೈಪೊಸಕ್ಷನ್. ತೊಟ್ಟಿನ ಸುತ್ತಲ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಅರ್ಧಚಂದ್ರಾಕಾರ ಕೊಯ್ದು ಗ್ರಂಥಿ ತೆಗೆಯುವುದು ಇನ್ನೊಂದು. ಗಾಯದ ಗುರುತು ಆ ಅಂಚಿನಲ್ಲೇ ಮರೆಯಾಗುತ್ತದೆ. ಲೈಪೊಸಕ್ಷನ್ ಒಂದನ್ನೇ ಮಾಡಿ ಕಳಿಸಿದರೆ ಬಿಲ್ಲೆ ಅಲ್ಲೇ ಉಳಿದು ತೊಟ್ಟು ಮುಂಚಿನಂತೆಯೇ ಮುಂದೆ ಚಾಚಿರುತ್ತದೆ. "ಮತ್ತೆ ಬಂತು" ಎನ್ನುವ ದೂರು ಎಷ್ಟೋ ಸಲ ಹೀಗೆ ಉಳಿದುಹೋದದ್ದರ ದೂರೇ. ಹಾಗೆಂದು ಪೂರ್ತಿ ಕೆರೆದು ತೆಗೆದರೂ ತೊಟ್ಟು ಬಟ್ಟಲಿನಂತೆ ಒಳಗೆ ಕುಸಿಯುತ್ತದೆ. ಅದಕ್ಕೇ ತೊಟ್ಟಿನ ಅಡಿ ತೆಳುವಾದ ಪದರ ಬಿಡುತ್ತಾರೆ. ಎರಡು ಪ್ರಶ್ನೆ ಕೇಳಿ: ಗ್ರಂಥಿಯನ್ನೂ ತೆಗೆಯುತ್ತೀರಾ? ತೊಟ್ಟಿನ ಕೆಳಗೆ ಎಷ್ಟು ಬಿಡುತ್ತೀರಿ?

ಸಿಗರೇಟ್ ಇದ್ದರೆ ನಾಲ್ಕು ವಾರ ಮೊದಲೇ ಬಿಡಿ, ಹೊಗೆಯಿಂದ ತೊಟ್ಟಿಗೆ ರಕ್ತ ಸರಿಯಾಗಿ ಹರಿಯದೆ ಗಾಯ ಮಾಗುವುದಿಲ್ಲ. ಆಪರೇಷನ್ ಆದ ಮೊದಲ ಎರಡು ದಿನ ಒಂದು ಕಡೆ ಮಾತ್ರ ದಿಢೀರನೆ ಊದಿ ಬಿಗಿದು ನೋಯತೊಡಗಿದರೆ ಒಳಗೆ ರಕ್ತ ಕಟ್ಟಿದೆ ಎಂದರ್ಥ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ. ಬಿಗಿ ಬನಿಯನ್ನನ್ನು ನಾಲ್ಕರಿಂದ ಆರು ವಾರ ಹಗಲು ರಾತ್ರಿ ಹಾಕಬೇಕು. ಸೆಕೆಯೆಂದು ತೆಗೆದಿಟ್ಟರೆ ಖಾಲಿ ಜಾಗದಲ್ಲಿ ನೀರು ತುಂಬುತ್ತದೆ. ನಡೆದಾಡುವುದಕ್ಕೆ ಅಡ್ಡಿಯಿಲ್ಲ. ದಂಡ, ಪುಲ್‌ಅಪ್, ಭಾರ ಎತ್ತುವುದು ಮಾತ್ರ ಆರು ವಾರದ ಮೇಲೆ, ವೈದ್ಯರು ಹೂಂ ಎಂದ ಮೇಲೆ. ತೊಟ್ಟಿನ ಸುತ್ತ ಜೋಮು ಕೆಲವು ತಿಂಗಳು ಇರುತ್ತದೆ.

ತೆಗೆದ ಗ್ರಂಥಿಯನ್ನು ಲ್ಯಾಬಿಗೆ ಕಳಿಸಲು ಹೇಳಿ. ಆ ವರದಿಯನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಒಟ್ಟಿಗಿಡಿ, ಭರ್ತಿಯ ದಿನ ಮೈಮೇಲಿನ ಗಾಯದ ಗುರುತು ಏನೆಂದು ಕೇಳಿದರೆ ತೋರಿಸಲು ಬೇಕಾಗುತ್ತದೆ.