ನಾಲ್ಕಕ್ಕೆ ಮುಚ್ಚುವ ಅಂಗನವಾಡಿ, ಐದೂವರೆಗೆ ಬಿಡುವ ಶಿಫ್ಟ್

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಮಗುವಾದ ಮೇಲೆ ಕೆಲಸ ಬಿಟ್ಟೆ. ನಮ್ಮೂರು ರಾಯಚೂರು ಕಡೆ. ಇಲ್ಲಿ ಅತ್ತೆಯಾಗಲಿ ತಾಯಿಯಾಗಲಿ ಇಲ್ಲ. ಅಂಗನವಾಡಿಯಲ್ಲಿ ಕೇಳಿದರೆ ಮಗುವಿಗೆ ಮೂರು ವರ್ಷ ತುಂಬಲಿ ಎಂದರು. ಶಿಶುಪಾಲನಾ ಕೇಂದ್ರಗಳಿಗೆ ಸರ್ಕಾರ ಹಣ ಹಾಕಿದರೆ ಹೆಂಗಸರು ನಿಜವಾಗಿ ಕೆಲಸಕ್ಕೆ ಮರಳುತ್ತಾರೆಯೇ? ನಮ್ಮ ಯಜಮಾನರು ಅದು ದಂಡದ ಖರ್ಚು ಎನ್ನುತ್ತಾರೆ.
(ಹೆಸರು ಬೇಡ ಎಂದಿದ್ದಾರೆ), ಬೊಮ್ಮನಹಳ್ಳಿ

ಉತ್ತರ: ನಿಮ್ಮ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಹಣ ಹಾಕಿಯೂ ಈ ಫಲ ಹೆಚ್ಚು ಕಾಣದ ದೇಶವೊಂದಿದೆ. ನಾರ್ವೆಯಲ್ಲಿ 1975ರ ನಂತರ ಸರ್ಕಾರಿ ನೆರವಿನ ಶಿಶುಪಾಲನೆ ವೇಗವಾಗಿ ಬೆಳೆಯಿತು. ಆದರೆ ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಿಗೆ ತಾಯಂದಿರ ಉದ್ಯೋಗದಲ್ಲಿ ದೊಡ್ಡ ಏರಿಕೆ ಕಾಣಲಿಲ್ಲ, ಅದುವರೆಗೆ ಬಂಧುಗಳೋ ನೆರೆಯವರೋ ನೋಡಿಕೊಳ್ಳುತ್ತಿದ್ದ ಮಕ್ಕಳೇ ಬಹುಪಾಲು ಕೇಂದ್ರಗಳಿಗೆ ಬಂದಿದ್ದರು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಥೆ ಬೇರೆ. ಅಲ್ಲಿ 1997ರಲ್ಲಿ ದಿನಕ್ಕೆ ಐದು ಡಾಲರ್ ದರದ ಶಿಶುಪಾಲನೆ ಆರಂಭವಾಯಿತು, ಮುಂದಿನ ವರ್ಷಗಳಲ್ಲಿ ತಂದೆತಾಯಿ ಇಬ್ಬರೂ ಇರುವ ಮನೆಗಳ ತಾಯಂದಿರ ಉದ್ಯೋಗ ಪ್ರಮಾಣ ಸುಮಾರು ಎಂಟು ಶೇಕಡಾಂಶ ಏರಿತು. ಈ ಏರಿಕೆಯನ್ನು ಗುರುತಿಸಿದ ಅಧ್ಯಯನವೇ ಮಕ್ಕಳಲ್ಲಿ ಆತಂಕ ಮತ್ತು ಮುಂಗೋಪ ಹೆಚ್ಚಿದ್ದನ್ನೂ ದಾಖಲಿಸಿದೆ. ಆದ್ದರಿಂದ ಕೇಂದ್ರ ತೆರೆದರಷ್ಟೇ ಸಾಲದು, ಒಬ್ಬ ಪಾಲಕಿಯ ಕೈಗೆ ಎಷ್ಟು ಮಕ್ಕಳು ಎಂಬುದೂ ಮುಖ್ಯ.

ಹೀಗಾಗಿ ಕೇಳಬೇಕಾದದ್ದು, ಕೇಂದ್ರ ಬಾರದಿದ್ದರೆ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದನ್ನು. ಅಜ್ಜಿ ಇರುವ ಮನೆಯಲ್ಲಿ ಸರ್ಕಾರದ ಹಣ ಅಜ್ಜಿಗೆ ಬಿಡುವು ಕೊಡುತ್ತದೆ (ಅದೂ ಸಣ್ಣ ಮಾತಲ್ಲ, ಆದರೆ ಉದ್ಯೋಗದ ಲೆಕ್ಕಕ್ಕೆ ಬರುವುದಿಲ್ಲ). ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳಲ್ಲಿ ಒಂದು ಕೋಣೆಯ ಬಾಡಿಗೆ ಮನೆಗಳಿಗೆ ಉತ್ತರ ಕರ್ನಾಟಕದಿಂದಲೂ ಒಡಿಶಾದಿಂದಲೂ ಬಂದಿಳಿದ ಕುಟುಂಬಗಳಲ್ಲಿ ಆ ಅಜ್ಜಿಯೇ ಇಲ್ಲ. ಬೆಂಗಳೂರಿನಲ್ಲಿ ಈ ಖರ್ಚು ದಂಡವಾಗುವುದಿಲ್ಲವೆಂದು ನಾನು ನಂಬುವುದು ಈ ಕಾರಣಕ್ಕೆ.

ಆದರೆ ಈಗಿರುವ ವ್ಯವಸ್ಥೆ ನಿಮ್ಮಂಥವರ ದಿನಚರಿಗೆ ಹೊಂದುವುದಿಲ್ಲ. ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ತಿರುಮಕೂಡಲು ನರಸೀಪುರದಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಮಗುವಿನ ಪೌಷ್ಟಿಕತೆಯನ್ನು ಮುಂದಿಟ್ಟುಕೊಂಡಿತ್ತು, ತಾಯಿಯ ಶಿಫ್ಟನ್ನು ಅಲ್ಲ. ಸಂಜೆ ನಾಲ್ಕಕ್ಕೆ ಅದರ ಬಾಗಿಲು ಹಾಕುತ್ತದೆ, ಶಿಫ್ಟ್ ಬಿಡುವುದು ಐದೂವರೆಗೆ. ಕಾನೂನಿನ ದಾರಿಯಲ್ಲೂ ತೊಡಕಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಂತೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು ಮತ್ತು ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಬಿಡಬೇಕು. ಈ ನಿಯಮ ಆ ಕಾಯ್ದೆಯನ್ನು ಒಳಗೊಂಡ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಗಾರ್ಮೆಂಟ್ಸ್ ಕಾರ್ಮಿಕರ 26 ವಾರಗಳ ಹೆರಿಗೆ ರಜೆಯ ಹಣ ಸಾಮಾನ್ಯವಾಗಿ ಕಾರ್ಮಿಕರ ವಿಮೆಯಾದ ಇಎಸ್‌ಐ ನಿಧಿಯಿಂದ ಬರುವುದರಿಂದ ಆ ಭಾರ ಎಲ್ಲ ಮಾಲೀಕರಲ್ಲೂ ಹಂಚಿಹೋಗುತ್ತದೆ, ಶಿಶುಪಾಲನಾ ಕೇಂದ್ರದ ಖರ್ಚು ಮಾತ್ರ ಎಳೆಯ ಮಕ್ಕಳ ತಾಯಂದಿರನ್ನು ಕೆಲಸಕ್ಕೆ ತೆಗೆದುಕೊಂಡ ಮಾಲೀಕನೊಬ್ಬನ ತಲೆಗೇ ಬೀಳುತ್ತದೆ. ಅಂಥವರನ್ನು ತೆಗೆದುಕೊಳ್ಳದಿರಲು ಅವನಿಗೆ ಇಷ್ಟು ನೆಪ ಸಾಕು. ಮನೆಗೆಲಸದವರಿಗೂ ಬೀದಿ ವ್ಯಾಪಾರದವರಿಗೂ ಇಂಥ ಮಾಲೀಕನೂ ಇಲ್ಲ. ರಾಜ್ಯದ ‘ಕೂಸಿನ ಮನೆ’ ಶಿಶುಪಾಲನಾ ಯೋಜನೆ ಗ್ರಾಮ ಪಂಚಾಯಿತಿಗಳಿಗಾಗಿ ರೂಪುಗೊಂಡದ್ದು, ನಗರ ಅದರ ಆಚೆ ಉಳಿದಿದೆ.

ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆಯಡಿ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗಾಗಿ ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸಲು ಅವಕಾಶವಿದೆ. ನಿಮ್ಮ ಭಾಗದಲ್ಲಿ ಅಂಥದ್ದು ಇದೆಯೇ ಎಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಇಲ್ಲವೆಂದರೆ ಅಕ್ಕಪಕ್ಕದ ತಾಯಂದಿರ ಸಹಿ ಹಾಕಿಸಿ ಅರ್ಜಿ ಕೊಡಿ.

ಪ್ರಶ್ನೆ: ಕಟ್ಟಡ, ಸಿಬ್ಬಂದಿ ಎಂದು ಖರ್ಚು ಮಾಡುವ ಬದಲು ಗೃಹಲಕ್ಷ್ಮಿಯಂತೆ ತಾಯಂದಿರ ಖಾತೆಗೇ ಹಣ ಹಾಕಬಾರದೇಕೆ?
ಒಬ್ಬ ಓದುಗರು, ಮಲ್ಲೇಶ್ವರ

ಉತ್ತರ: ತಿಂಗಳಿಗೆ ಎರಡು ಸಾವಿರ ರೂಪಾಯಿ ಅಕ್ಕಿಬೇಳೆಗೆ ಆಸರೆಯಾದೀತು, ನಂಬಿಕೆಗೆ ಯೋಗ್ಯವಾದ ಪಾಲನೆಯ ಎಂಟು ಗಂಟೆಗಳನ್ನು ದಿನವೂ ಕೊಳ್ಳಲು ಸಾಲದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಿದ್ದರು. ಹೆಂಗಸರಿಗೆ ಕೊರತೆಯಾಗಿರುವುದು ಈ ಸಮಯವೇ. ಸಿಬ್ಬಂದಿಯ ವೆಚ್ಚವನ್ನು ಉಳಿಸಬೇಕೆಂಬ ನಿಮ್ಮ ಸಲಹೆಯನ್ನಂತೂ ನಾನು ಒಪ್ಪಲಾರೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಇಂದಿಗೂ ಸಿಗುತ್ತಿರುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಿ ಎಂದು ಅವರು ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಧರಣಿ ಕೂತಿದ್ದಾರೆ. ಕೇಂದ್ರಗಳನ್ನು ಸಂಜೆ ಆರರವರೆಗೆ ತೆರೆದಿಡಬೇಕಾದರೆ ಎರಡನೆಯ ಪಾಳಿಗೆ ಬೇರೆ ಸಿಬ್ಬಂದಿ ಬೇಕು, ಅವರ ಕೂಲಿ ಬಜೆಟ್ಟಿನಲ್ಲಿ ಮೊದಲೇ ಇರಬೇಕು.