ಮಾತು ನಿಲ್ಲದಷ್ಟೇ ವೇಗ

ಅವರಿಗೆ 47 ವರ್ಷ. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಹೆಂಡತಿಯ ಜೊತೆ ಬಂದಿದ್ದರು. "ಮೆಟ್ಟಿಲು ಹತ್ತೋಕೆ ಭಯ ಆಗುತ್ತೆ ಮೇಡಂ" ಎಂದು ಮಾತು ಶುರು ಮಾಡಿದರು. ವ್ಯಾಯಾಮದ ವಿಷಯ ಆಮೇಲೆ ಬಂತು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಆರು ತಿಂಗಳ ಹಿಂದೆ ಅವರ ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಅಣ್ಣನಿಗೆ ಆಗ 52. ಬೇಗ ಆಸ್ಪತ್ರೆ ಸೇರಿದ್ದರಿಂದ ಉಳಿದುಕೊಂಡರು. ಅಣ್ಣನನ್ನು ನೋಡಿಕೊಂಡು ಮನೆಗೆ ಬಂದ ರಾತ್ರಿಯೇ ಇವರು ತೀರ್ಮಾನ ಮಾಡಿಬಿಟ್ಟರು. ನಾಳೆಯಿಂದಲೇ ವ್ಯಾಯಾಮ. ಬೆಳಿಗ್ಗೆ ಎದ್ದವರೇ ಮೊಬೈಲಿನಲ್ಲಿ 45 ನಿಮಿಷದ ವಿಡಿಯೊ ಹಾಕಿಕೊಂಡು ಜಿಗಿಯಲು ಶುರು ಮಾಡಿದರು. ಅದಕ್ಕೆ ಮುಂಚೆ ವರ್ಷಗಟ್ಟಲೆ ಏನೂ ಮಾಡಿದವರಲ್ಲ. ಕೈಯಲ್ಲಿ ಎದೆಬಡಿತ ತೋರಿಸುವ ವಾಚು. 220ರಲ್ಲಿ ವಯಸ್ಸನ್ನು ಕಳೆದರೆ 173, ಅದು ನಿಮಿಷಕ್ಕೆ ಎದೆ ಬಡಿಯಬಹುದಾದ ಗರಿಷ್ಠದ ಅಂದಾಜು, ಅದರ ಶೇ. 85 ಅಂದರೆ 147. ಅಲ್ಲಿಗೆ ಮುಟ್ಟಿದರೆ ಮಾತ್ರ ಲಾಭ ಅಂತ ಎಲ್ಲೋ ಓದಿದ್ದರಂತೆ.

"ಎಷ್ಟು ಜಿಗಿದರೂ ವಾಚು 120 ದಾಟ್ತಾನೇ ಇರ್ಲಿಲ್ಲ. ನಾನು ಸರಿಯಾಗಿ ಮಾಡ್ತಿಲ್ಲ ಅನ್ನಿಸ್ತು. ಇನ್ನೂ ಜೋರಾಗಿ ಮಾಡಿದೆ."

ನಾಲ್ಕನೇ ದಿನ ವಿಡಿಯೊ ಮುಗಿಯಿತು. ಇವರು ನಿಂತಲ್ಲೇ ಸುಮ್ನೆ ನಿಂತುಬಿಟ್ಟರು. ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡೇ ಕುಸಿದರು. ಹೆಂಡತಿ ಓಡಿ ಬಂದಾಗ ಮೈಯೆಲ್ಲ ತಣ್ಣಗೆ ಬೆವೆತಿತ್ತಂತೆ. ಆಸ್ಪತ್ರೆಗೆ ಹೋದರು. ಇಸಿಜಿ ಸರಿಯಾಗಿತ್ತು. ಏನೂ ತೊಂದರೆ ಇಲ್ಲ, ಟೆನ್ಶನ್ ಮಾಡ್ಕೋಬೇಡಿ ಎಂದು ಹೇಳಿ ಕಳಿಸಿದರು.

ಟೆನ್ಶನ್ ಮಾಡ್ಕೋಬೇಡಿ ಅಂದರೆ ಟೆನ್ಶನ್ ಹೋಗುತ್ತಾ? ಅವತ್ತಿನಿಂದ ಇವರು ಎದೆಬಡಿತವನ್ನೇ ಕಾಯುತ್ತಾ ಕೂತರು. ಮೆಟ್ಟಿಲು ಹತ್ತಿದರೆ ಬಡಿತ ಏರುತ್ತದೆ, ಆದ್ದರಿಂದ ಮೆಟ್ಟಿಲು ಬೇಡ. ಬೇಗ ನಡೆದರೆ ಏರುತ್ತದೆ, ಅದೂ ಬೇಡ. "ರಾತ್ರಿ ಎದ್ದೆದ್ದು ವಾಚು ನೋಡ್ತಾರೆ" ಎಂದು ಹೆಂಡತಿ ಹೇಳಿದರು. ಹೀಗೆ ಐದು ತಿಂಗಳು ಕಳೆದಿತ್ತು.

ಇಷ್ಟು ಕೇಳಿದ ಮೇಲೆ ಇದು ಬರೀ ಭಯ ಅಂತ ಹೆಸರಿಡುವುದು ಸುಲಭ. ಆದರೆ ನಾನು ಆಪ್ತಸಲಹೆಗಾರ್ತಿ, ಡಾಕ್ಟರ್ ಅಲ್ಲ. ಸುಮ್ಮನಿದ್ದಾಗ ತೆಗೆದ ಇಸಿಜಿ ಸರಿ ಇದ್ದ ಮಾತ್ರಕ್ಕೆ ದುಡಿಯುವಾಗಲೂ ಹೃದಯ ಸರಿ ಇರುತ್ತದೆ ಎನ್ನಲು ಬರುವುದಿಲ್ಲ. ಅದೂ ಅಲ್ಲದೆ, ತಂದೆಗೋ ಅಣ್ಣತಮ್ಮಂದಿರಿಗೋ 55 ತುಂಬುವ ಮುಂಚೆ, ತಾಯಿಗೋ ಅಕ್ಕತಂಗಿಯರಿಗೋ 65 ತುಂಬುವ ಮುಂಚೆ ಹೃದಯದ ಕಾಯಿಲೆ ಬಂದಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಇವರ ಅಣ್ಣನಿಗೆ 52.

"ಏನಾದರೂ ಮಾತ್ರೆ ತಗೋತೀರಾ?" ಎಂದು ಕೇಳಿದೆ.

"ಬಿಪಿಗೆ ಒಂದು. ಎರಡು ವರ್ಷ ಆಯ್ತು."

"ಯಾವುದು?"

ಅವರಿಗೆ ಹೆಸರು ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದ್ದರೋ ಇಲ್ಲವೋ, ನೆನಪಿಲ್ಲ ಅಂದರು. ಮಾತ್ರೆಯ ಶೀಟನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ ಎಂದೆ. ಅಣ್ಣನ ವಯಸ್ಸು, ಆ ಬೆಳಿಗ್ಗೆ ಕಣ್ಣು ಕತ್ತಲೆ ಬಂದದ್ದು, 120ಕ್ಕೆ ನಿಂತುಹೋಗುತ್ತಿದ್ದ ಬಡಿತ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆಸಿ ಕಳಿಸಿದೆ. ಡಾಕ್ಟರ ಎದುರು ಕೂತಾಗ ನಮಗೆ ಮುಖ್ಯವಾದದ್ದೇ ಮರೆತುಹೋಗುತ್ತದೆ, ಅಲ್ವಾ?

ಡಾಕ್ಟರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು. ಹೃದಯದಲ್ಲಿ ತೊಂದರೆ ಕಾಣಲಿಲ್ಲ. ನಿಧಾನವಾಗಿ ವ್ಯಾಯಾಮ ಶುರು ಮಾಡಬಹುದು ಅಂದರು. ಮಾತ್ರೆಯ ವಿಷಯಕ್ಕೂ ಉತ್ತರ ಸಿಕ್ಕಿತು. ಅದು ಬೀಟಾ ಬ್ಲಾಕರ್. ಓಡುವಾಗ, ಜಿಗಿಯುವಾಗ ಹೃದಯ ಬೇಗ ಬಡಿಯಲಿ ಅಂತ ಅಡ್ರಿನಲಿನ್ ಅನ್ನುವ ಹಾರ್ಮೋನು ಹೇಳುತ್ತದೆ. ಈ ಮಾತ್ರೆ ಆ ಮಾತು ಹೃದಯಕ್ಕೆ ಪೂರ್ತಿ ಕೇಳದ ಹಾಗೆ ಮಾಡುತ್ತದೆ. ಹಾಗಾಗಿ 220ರ ಲೆಕ್ಕ ಇವರಿಗೆ ಹೊಂದುವುದೇ ಇಲ್ಲ. ವಾಚು 120 ತೋರಿಸುತ್ತಿದ್ದಾಗ ಇವರು ಆಗಲೇ ಮೈಮುರಿದು ದುಡಿಯುತ್ತಿದ್ದರು.

ಕಣ್ಣು ಕತ್ತಲೆ ಬಂದದ್ದಕ್ಕೂ ಡಾಕ್ಟರು ಒಂದು ಕಾರಣ ಹೇಳಿದರು. ವ್ಯಾಯಾಮ ಮಾಡುವಾಗ ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ. ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ಗಕ್ಕನೆ ನಿಂತರೆ ಆ ಹಿಂಡುವುದು ನಿಲ್ಲುತ್ತದೆ, ರಕ್ತ ಕಾಲಿನಲ್ಲೇ ಉಳಿಯುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಬಿಪಿ ಮಾತ್ರೆ ಇರುವವರಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ಅವತ್ತು ಹೀಗೇ ಆಗಿರಬೇಕು ಅಂದರು. ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು ಎಂದು ಒತ್ತಿ ಹೇಳಿದ್ದರು. ಅದನ್ನು ನಾನೂ ಎರಡು ಸಲ ಹೇಳಿದೆ. ಕಾರಣ ಗೊತ್ತಾದ ಕೂಡಲೇ ಮಾತ್ರೆ ಬಿಡುವ ಆಸೆ ಬರುತ್ತದೆ. ಬೀಟಾ ಬ್ಲಾಕರನ್ನು ದಿಢೀರನೆ ನಿಲ್ಲಿಸುವುದು ಅಪಾಯ.

ಎರಡನೇ ಭೇಟಿಯಲ್ಲಿ ಅವರು ಅರ್ಧ ನಿರಾಳ, ಅರ್ಧ ಸಪ್ಪಗೆ ಇದ್ದರು. "ತಲೆಗೆ ಎಲ್ಲಾ ಅರ್ಥ ಆಗಿದೆ ಮೇಡಂ. ಎದೆ ಹೊಡ್ಕೊಂಡ ತಕ್ಷಣ ಅದೆಲ್ಲ ಮರೆತುಹೋಗುತ್ತೆ."

ಈ ಮಾತು ನಿಜ. ಭಯಕ್ಕೂ ವ್ಯಾಯಾಮಕ್ಕೂ ದೇಹ ತೋರಿಸುವ ಲಕ್ಷಣ ಹೆಚ್ಚುಕಡಿಮೆ ಒಂದೇ. ಎದೆ ಬಡಿಯುತ್ತದೆ, ಉಸಿರು ಬೇಗವಾಗುತ್ತದೆ, ಬೆವರು ಬರುತ್ತದೆ. ಒಮ್ಮೆ ಹೆದರಿದ ಮನಸ್ಸು ಎರಡನ್ನೂ ಬೇರೆ ಮಾಡಿ ನೋಡುವುದಿಲ್ಲ. ಅದಕ್ಕೆ ವಿವರಣೆ ಸಾಲದು. ಎದೆ ಬಡಿದರೂ ಏನೂ ಆಗಲಿಲ್ಲ ಅನ್ನುವ ಅನುಭವ ಮತ್ತೆ ಮತ್ತೆ ಆಗಬೇಕು. ಡಾಕ್ಟರ ಒಪ್ಪಿಗೆ ಕೈಯಲ್ಲಿತ್ತು, ಆದ್ದರಿಂದ ಅಲ್ಲೇ ಕೇಳಿದೆ, "ಈಗಲೇ ಮೂರು ನಿಮಿಷ ನಿಂತಲ್ಲೇ ನಡೆಯೋಣವಾ? ನಾನೂ ನಡೀತೀನಿ."

ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ಎದುರುಬದುರು ನಿಂತು ನಡೆದೆವು. ಎರಡನೇ ನಿಮಿಷಕ್ಕೆ ಅವರ ಕೈ ಎದೆಯ ಮೇಲೆ ಹೋಯಿತು.

"ಏನು ಅನ್ನಿಸ್ತಿದೆ?"

"ಹೊಡ್ಕೋತಾ ಇದೆ."

"ಆಗ ಏನು ನೆನಪಾಗುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾಲು ನಿಲ್ಲಲಿಲ್ಲ. "ಅಣ್ಣ" ಅಂದರು. ಆ ಮೇಲೆ ನಡೆಯುತ್ತಲೇ ಅಣ್ಣನ ಬಗ್ಗೆ ಹೇಳಿದರು. ಅಪ್ಪ ಇಲ್ಲದ ಮನೆಯನ್ನು ನಡೆಸಿದವನು ಅಣ್ಣ. ಐಸಿಯುನಲ್ಲಿ ಅವನನ್ನು ನೋಡಿದಾಗ ಅಳಲೂ ಆಗಲಿಲ್ಲವಂತೆ. ಅಳು ಬರುವ ಹೊತ್ತಿಗೆ ಇವರು ವ್ಯಾಯಾಮ ಹುಡುಕಿಕೊಂಡಿದ್ದರು. ಹಾಗೆಂದು ನಾನು ಅಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ. ಮೂರು ನಿಮಿಷ ಅಂದದ್ದು ಐದಾಯಿತು. ಕೊನೆಗೆ ನಾನು ಹೇಳಿದ್ದು ಒಂದೇ. "ಈ ಐದು ನಿಮಿಷವೂ ನೀವು ಮಾತಾಡ್ತಾ ಇದ್ರಿ. ಸದ್ಯಕ್ಕೆ ನಿಮ್ಮ ವೇಗ ಇದೇ."

ನಮ್ಮ ಯೋಜನೆಯೆಲ್ಲ ಇದರ ಮೇಲೆಯೇ ನಿಂತಿತು. ಮಾತಾಡಲು ಬರಬೇಕು, ಹಾಡಲು ಆಗಬಾರದು. ಅದು ಮಧ್ಯಮ ವೇಗ. ನಾಲ್ಕು ಪದಕ್ಕೊಮ್ಮೆ ಉಸಿರಿಗೆ ನಿಲ್ಲಬೇಕಾದರೆ ಜಾಸ್ತಿ ಆಯಿತು, ಇಳಿಸಬೇಕು. ಬೀಟಾ ಬ್ಲಾಕರ್ ಇರಲಿ, ಇಲ್ಲದಿರಲಿ, ಈ ಅಳತೆ ಮೋಸ ಮಾಡುವುದಿಲ್ಲ. ವಾಚನ್ನು ನಾಲ್ಕು ವಾರ ಹೆಂಡತಿಯ ಕೈಗೆ ಕೊಡಿ ಎಂದೆ. ಅದಕ್ಕೆ ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೊನೆಗೆ ಅವರು ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. ಹೆಂಡತಿ ಅದನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು.

ಮೊದಲ ಎರಡು ವಾರಕ್ಕೆ ದಿನಕ್ಕೆ 12 ನಿಮಿಷ, ವಾರಕ್ಕೆ ಐದು ದಿನ ಎಂದು ಬರೆದೆವು. ನಾಲ್ಕು ನಿಮಿಷ ನಿಂತಲ್ಲೇ ನಿಧಾನ ನಡಿಗೆ. ನಾಲ್ಕು ನಿಮಿಷ ಮಂಡಿ ಸ್ವಲ್ಪ ಮೇಲೆತ್ತಿ, ಕೈ ಬೀಸಿ, ಮಾತಾಡುವ ವೇಗದಲ್ಲಿ. ಉಳಿದ ನಾಲ್ಕು ನಿಮಿಷ ಮತ್ತೆ ನಿಧಾನ. ಕೊನೆಯ ಈ ನಾಲ್ಕು ನಿಮಿಷವನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಫೋನ್ ಬಂದರೆ ನಡೆಯುತ್ತಲೇ ಎತ್ತಿ. ಬಾಗಿಲು ಬಡಿದರೆ ನಡೆದೇ ಹೋಗಿ ತೆರೆಯಿರಿ.

"ಬರೀ 12 ನಿಮಿಷದಿಂದ ಏನಾಗುತ್ತೆ ಮೇಡಂ?" ಎಂದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದನ್ನು ತಿಳಿಸಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು. ಜೋರಿನದಾದರೆ 75ರಿಂದ 150 ನಿಮಿಷ ಸಾಕು. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಬೇಕು ಅನ್ನುವ ಹಳೆಯ ಮಾತನ್ನು ಆಗ ಕೈಬಿಟ್ಟರು. ಸ್ವಲ್ಪ ಮಾಡಿದರೂ ಏನೂ ಮಾಡದೆ ಇರುವುದಕ್ಕಿಂತ ಒಳ್ಳೆಯದು. 150 ನಾವು ಹೋಗಿ ಸೇರುವ ಊರು. ಮೊದಲ ದಿನವೇ ಅಲ್ಲಿರಬೇಕಾಗಿಲ್ಲ.

ಜಿಗಿತ ಪೂರ್ತಿ ಬಿಟ್ಟೆವು. ಜಿಗಿದು ಇಳಿಯುವಾಗ ಮಂಡಿ, ಹಿಮ್ಮಡಿಗಳ ಮೇಲೆ ದೇಹದ ತೂಕದ ಎಷ್ಟೋ ಪಟ್ಟು ಭಾರ ಬೀಳುತ್ತದೆ. ವರ್ಷಗಟ್ಟಲೆ ಕೂತ ಕಾಲು ಅದಕ್ಕೆ ಸಿದ್ಧವಿರುವುದಿಲ್ಲ. ಒಂದು ಕಾಲು ಸದಾ ನೆಲದ ಮೇಲಿದ್ದರೂ ಉಸಿರು ಏರುತ್ತದೆ. ಪಕ್ಕಕ್ಕೆ ಹೆಜ್ಜೆ ಹಾಕಿ ಕಾಲು ಸೇರಿಸುವುದು, ಗಾಳಿಯಲ್ಲಿ ಗುದ್ದುವುದು, ಗೋಡೆಗೆ ಕೈ ಆನಿಸಿಕೊಂಡು ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಇವನ್ನು ಒಂದೊಂದಾಗಿ ಸೇರಿಸಿಕೊಂಡರು. ಆ ಒಂದು ಮೆಟ್ಟಿಲನ್ನು ಬೇಕೆಂದೇ ಸೇರಿಸಿದೆ. ಅವರು ಹೆದರಿದ್ದು ಅದಕ್ಕೇ ತಾನೇ.

ಇನ್ನು ಮನೆಯ ವಿಷಯ. ಕೈ ಚಾಚಿದರೆ ಏನೂ ತಾಗದಷ್ಟು ಜಾಗ, ಜಾರದ ನೆಲ, ಹಿಡಿತವಿರುವ ಶೂ, ಕಿಟಕಿ ತೆರೆದಿರಲಿ. ಹೊಟ್ಟೆ ತುಂಬ ಉಂಡ ಕೂಡಲೇ ಬೇಡ. ಜ್ವರ ಇದ್ದ ದಿನ ಬೇಡವೇ ಬೇಡ. ಉಸಿರು ಕಟ್ಟಬಾರದು, ಕಟ್ಟಿ ಬಲ ಹಾಕಿದರೆ ಬಿಪಿ ಏರುತ್ತದೆ.

ಅವರ ಹೆಂಡತಿ ಕೇಳಿದ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. "ಇವರು ಎದೆ ಹಿಡ್ಕೊಂಡರೆ ಅದು ಭಯವೋ ನಿಜವೋ ನನಗೆ ಹೇಗೆ ಗೊತ್ತಾಗಬೇಕು?" ಅದನ್ನು ನೀವು ತೀರ್ಮಾನಿಸಬೇಕಾಗಿಲ್ಲ ಎಂದೆ. ಎದೆ ಬಿಗಿದು ಅದುಮಿದ ಹಾಗಾದರೆ, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲೆ ಬಂದರೆ, ಬಡಿತ ತಾಳ ತಪ್ಪಿದರೆ, ಮಾಡಿದ ಕೆಲಸಕ್ಕೆ ಮೀರಿ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ಕೂರಿಸಿ. ಆಗ ಮಾತ್ರ ಕೊನೆಯ ನಿಧಾನ ನಡಿಗೆಯ ಮಾತಿಲ್ಲ. ಎದೆಯ ಬಿಗಿತ ಕೆಲವು ನಿಮಿಷದಲ್ಲಿ ಹೋಗದಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿ. ತಾನಾಗಿ ಇಳಿದರೂ ಡಾಕ್ಟರನ್ನು ಕಾಣದೆ ಮರುದಿನ ಮತ್ತೆ ಶುರು ಮಾಡಬೇಡಿ. ಆಸ್ಪತ್ರೆಗೆ ಹೋಗಿ ಏನೂ ಇಲ್ಲ ಅನ್ನಿಸಿಕೊಂಡು ಬಂದರೆ ಅದು ಅವಮಾನ ಅಲ್ಲ. ಬರೀ ಬಡಿತ ಏರಿದ್ದರೆ, ಮಾತಾಡಲು ಬರುತ್ತಿದ್ದರೆ, ನಿಧಾನ ಮಾಡಿದ ಕೂಡಲೇ ಇಳಿಯುತ್ತಿದ್ದರೆ ಅದು ಹೃದಯ ತನ್ನ ಕೆಲಸ ಮಾಡುತ್ತಿರುವ ರೀತಿ.

ನಾಲ್ಕು ವಾರ ಚೆನ್ನಾಗಿ ನಡೆಯಿತು. ದಿನಕ್ಕೆ 20 ನಿಮಿಷಕ್ಕೆ ಬಂದಿದ್ದರು. ಐದನೇ ವಾರ ಕೆಲಸದ ಒತ್ತಡದಲ್ಲಿ ಮೂರು ದಿನ ತಪ್ಪಿತು. ಶನಿವಾರ ಅಷ್ಟನ್ನೂ ಸೇರಿಸಿ ಒಂದೇ ಸಲಕ್ಕೆ ಒಂದು ಗಂಟೆ ಮಾಡಿದರು. ಮಂಗಳವಾರ ಕುಂಟುತ್ತಾ ಬಂದರು, ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯ ಉದ್ದಕ್ಕೂ ನೋವು. ಮುಖದಲ್ಲಿ ಮತ್ತೆ ಆ ಹಳೆಯ ಅಪರಾಧಿ ಭಾವ.

ಇದರಲ್ಲಿ ನನ್ನ ತಪ್ಪೂ ಇತ್ತು. ಮಾಡುವ ದಿನ ಏನು ಅಂತ ಹೇಳಿದ್ದೆ, ತಪ್ಪಿದ ದಿನ ಏನು ಅಂತ ಹೇಳಿರಲಿಲ್ಲ. ಅಣ್ಣನಿಗೆ ಹಾಗಾದದ್ದಕ್ಕೆ ತಾನೇ ಸಾಲ ತೀರಿಸಬೇಕು ಅನ್ನುವ ಹಾಗೆ ದುಡಿಯುವವರಿಗೆ ತಪ್ಪಿದ ದಿನವೂ ಸಾಲವಾಗಿಯೇ ಕಾಣುತ್ತದೆ. ಅವತ್ತು ಹೊಸ ಸಾಲು ಬರೆದೆವು. ತಪ್ಪಿದ್ದು ತಪ್ಪಿತು, ಮರುದಿನ ಎಂದಿನಷ್ಟೇ. ಒಂದು ವಾರ ಪೂರ್ತಿ ತಪ್ಪಿದರೆ ಒಂದು ಹೆಜ್ಜೆ ಹಿಂದಿನಿಂದ. ತೀರಾ ಆಗದ ದಿನ ಐದು ನಿಮಿಷ ನಡೆದರೆ ಅದಕ್ಕೂ ಕ್ಯಾಲೆಂಡರಿನಲ್ಲಿ ಗುರುತು. ಒಂದು ವಾರದಲ್ಲಿ ಒಂದನ್ನೇ ಏರಿಸಬೇಕು, ನಿಮಿಷವನ್ನೋ ವೇಗವನ್ನೋ. ಎರಡನ್ನೂ ಒಟ್ಟಿಗೆ ಅಲ್ಲ. ನಡೆಯುವಾಗ ಮೂಳೆ ನೋಯುವುದು ನಿಲ್ಲುವವರೆಗೂ ಕುರ್ಚಿಯಲ್ಲಿ ಕೂತು ಕೈ ಬೀಸುವುದು, ಗುದ್ದುವುದು ಮಾಡಿದರು. ಅದರಿಂದಲೂ ಉಸಿರು ಏರುತ್ತದೆ ಅಂತ ಅವರಿಗೇ ಆಶ್ಚರ್ಯ. ಹೊಸದಾಗಿ ದುಡಿದ ಸ್ನಾಯು ಮರುದಿನ, ಮೂರನೇ ದಿನ ಹಿಡಿದುಕೊಂಡ ಹಾಗಾಗುವುದು ಸಹಜ. ಒಂದೇ ಜಾಗದಲ್ಲಿ ಚುಚ್ಚುವ ನೋವು, ಊತ, ದಿನದಿಂದ ದಿನಕ್ಕೆ ಏರುವ ನೋವು ಹಾಗಲ್ಲ, ಅದನ್ನು ಡಾಕ್ಟರಿಗೆ ತೋರಿಸಬೇಕು.

ಏಳನೇ ವಾರದಿಂದ ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಟ್ಟೆವು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಯನ್ನು ತಳ್ಳುವುದು, ಅಷ್ಟೇ.

ಮಧ್ಯೆ ಒಮ್ಮೆ ಅವರು ಕೇಳಿದ್ದರು, "ಇದನ್ನೇ ಅಣ್ಣನಿಗೂ ಕಳಿಸಲಾ?" ಬೇಡ ಎಂದೆ. ಹಾರ್ಟ್ ಅಟ್ಯಾಕ್ ಆದವರಿಗೂ ವ್ಯಾಯಾಮ ಬೇಕು, ಆದರೆ ಎಷ್ಟು, ಯಾವಾಗ ಅನ್ನುವುದನ್ನು ಅವರ ಹೃದಯವನ್ನು ನೋಡಿದ ಡಾಕ್ಟರೇ ಹೇಳಬೇಕು. ಅಣ್ಣ ತಮ್ಮದೇ ಡಾಕ್ಟರನ್ನು ಕೇಳಿದರು. ಅವರಿಗೆ ಬೇರೆ ಲೆಕ್ಕ, ಬೇರೆ ವೇಗ ಬರೆದುಕೊಟ್ಟರು.

ಮೂರನೇ ತಿಂಗಳ ಕೊನೆಗೆ ಬಂದಾಗ ವಾರಕ್ಕೆ 150 ನಿಮಿಷ ಮುಟ್ಟಿದ್ದರು. ನಾನು ಅದನ್ನು ಕೇಳುವ ಮುಂಚೆಯೇ ಹೆಂಡತಿ ಬೇರೆ ಸುದ್ದಿ ಹೇಳಿದರು. "ದಿನಾ ಸಂಜೆ ಇವರು ಅಣ್ಣನಿಗೆ ಫೋನ್ ಮಾಡ್ತಾರೆ. ಅವರು ಅಲ್ಲಿ ನಡೀತಾರೆ, ಇವರು ಇಲ್ಲಿ ನಿಂತಲ್ಲೇ ನಡೀತಾರೆ. ಇಬ್ಬರದ್ದೂ ಒಂದೇ ಸಮ ಮಾತು."

ವಾಚು ವಾಪಸ್ ಕೇಳಿದಿರಾ ಎಂದು ಅವರನ್ನು ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು. ಅದು ಇನ್ನೂ ಆ ಬ್ಯಾಗಿನಲ್ಲೇ ಇತ್ತು.