ಗ್ರೂನರ್ ಸೀ: ಜೂನ್‌ನಲ್ಲೇ ಹೋಗಿ

ಮಂಡಿನೋವಿರುವ ಅಮ್ಮನ ಜೊತೆ ಆಸ್ಟ್ರಿಯಾದ ಗ್ರೂನರ್ ಸೀ ಕೆರೆ ಸುತ್ತಬಹುದಾ, ಜೂನ್ ಒಳ್ಳೆಯದಾ ಸೆಪ್ಟೆಂಬರಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸುತ್ತಬಹುದು, ಏರು ಅಷ್ಟೇನಿಲ್ಲ. ಜೂನ್ ಆರಂಭದಲ್ಲೇ ಹೋಗಿ. ಹೋಕ್‌ಶ್ವಾಬ್ ಬೆಟ್ಟಗಳ ಹಿಮ ಕರಗಿ ಈ ಕೆರೆ ತುಂಬುತ್ತದೆ. ಚಳಿಗಾಲದಲ್ಲಿ ಒಂದೆರಡು ಮೀಟರ್ ಇರುವ ಆಳ ಆಗ ಹತ್ತು ಮೀಟರ್ ದಾಟುವುದುಂಟು. ದಂಡೆಯ ಹುಲ್ಲು, ಬೆಂಚು, ಕಾಲುದಾರಿ ಎಲ್ಲಾ ಮುಳುಗಿ, ತಿಳಿ ಹಸಿರು ನೀರಿನಡಿ ಇದ್ದಲ್ಲೇ ಕಾಣುತ್ತವೆ. ಅದನ್ನು ನೋಡೋಕೇ ಅಲ್ವಾ ಅಷ್ಟು ದೂರ ಹೋಗುವುದು? ದಾರಿ ಮುಳುಗಿದ ಕಡೆ ಸ್ವಲ್ಪ ಮೇಲಿಂದ ಬಳಸಬೇಕು, ಅಮ್ಮನ ಕೈಯಲ್ಲಿ ಕೋಲಿರಲಿ. ಸೆಪ್ಟೆಂಬರ್ ಹೊತ್ತಿಗೆ ನೀರು ತುಂಬಾ ಇಳಿದಿರುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ಜೂನ್‌ನಲ್ಲೂ ಅಷ್ಟು ತುಂಬುವುದಿಲ್ಲ. ಡೈವಿಂಗ್ ಆಸೆಯಿದ್ದರೆ ಬಿಟ್ಟುಬಿಡಿ, 2016ರಿಂದ ನಿಷೇಧ.